ಡಿಸ್ಪ್ಯಾರಿಟಿ: ಮನವಿಪತ್ರದಲ್ಲಿ ಬರೆಯುವ ಮೊದಲು ಈ ಪದವನ್ನು ತೂಗಿ ನೋಡುವ ಕ್ರಮ

ಇಂಗ್ಲಿಷ್ ಕಲಿಸಿ ನಿವೃತ್ತನಾದವನ ಮನೆಗೆ ಜನ ಬರುವುದು ಹೆಚ್ಚಾಗಿ ಮನವಿಪತ್ರ ತಿದ್ದಿಸಿಕೊಳ್ಳುವುದಕ್ಕೆ. ಶಿರಸಿಯ ನಮ್ಮ ಮನೆಯ ಜಗಲಿಗೂ ಹಾಗೆ ಬರುವವರಿದ್ದಾರೆ. ಕೆಲವು ವರ್ಷಗಳ ಹಿಂದೆ ಘಟ್ಟದ ಮೇಲಿನ ಒಂದು ಹಳ್ಳಿಯ ಯುವಕರು, ತಮ್ಮೂರಿಗೆ ಬಸ್ಸು ಮತ್ತು ವೈದ್ಯರ ಕೊರತೆ ಇದೆಯೆಂದು ಒಂದು ಕಚೇರಿಗೆ ಕಳಿಸಿದ್ದ ಇಂಗ್ಲಿಷ್ ಮನವಿಯನ್ನೂ ಅದಕ್ಕೆ ಬಂದ ಉತ್ತರವನ್ನೂ ತಂದು ಮುಂದಿಟ್ಟರು. ಮನವಿಯಲ್ಲಿ ‘ಡಿಸ್ಕ್ರಿಮಿನೇಶನ್’ ಎಂಬ ಪದ ನಾಲ್ಕು ಸಲ ಬಂದಿತ್ತು. ಉತ್ತರ ಒಂದೇ ಸಾಲಿನದು: ಯಾವ ಗ್ರಾಮದ ವಿಷಯದಲ್ಲಿಯೂ ಈ ಕಚೇರಿ ಭೇದ ಎಣಿಸಿರುವುದಿಲ್ಲವಾದ್ದರಿಂದ ಅರ್ಜಿಯನ್ನು ವಿಲೇಗೊಳಿಸಲಾಗಿದೆ. ಭೇದ ಮಾಡಿದ್ದೀರಿ ಎಂದು ದೂರಿದರೆ ಮಾಡಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಇಲ್ಲಿಗೂ ಅಲ್ಲಿಗೂ ಇಷ್ಟು ಅಂತರವಿದೆ ಎಂದು ಅಳೆದು ತೋರಿಸಿದ್ದರೆ ಅಷ್ಟು ಸುಲಭವಾಗುತ್ತಿರಲಿಲ್ಲ. ಆ ಮನವಿಗೆ ಬೇಕಾಗಿದ್ದ ಪದ ‘ಡಿಸ್ಪ್ಯಾರಿಟಿ’.

“ಮಾಸ್ತರೇ, ಪೇಪರಿನಲ್ಲಿ ಎರಡಕ್ಕೂ ತಾರತಮ್ಯ ಅಂತಲೇ ಹಾಕ್ತಾರಲ್ಲ?” ಎಂದು ಅವರಲ್ಲೊಬ್ಬ ಕೇಳಿದ. ಅವನ ಮಾತು ಸರಿಯೇ ಆಗಿತ್ತು, ಗೊಂದಲದ ಬೇರೂ ಅಲ್ಲೇ ಇತ್ತು. ಮನವಿ ಬರೆಯುವವರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಪ್ರಬಂಧ ಅಭ್ಯಾಸ ಮಾಡುವವರಿಗೆ, ಇಂಗ್ಲಿಷ್ ವರದಿಯನ್ನು ಕನ್ನಡಕ್ಕೆ ತರುವವರಿಗೆ ಉಪಯೋಗವಾಗಲೆಂದು, ಅಂದು ಅವರಿಗೆ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಪದವನ್ನು ಬಿಡಿಸಿ ನೋಡಿ

ಕಾಗುಣಿತ ಹೀಗಿದೆ: ಡಿ, ಐ, ಎಸ್, ಪಿ, ಎ, ಆರ್, ಐ, ಟಿ, ವೈ. ಉಚ್ಚರಿಸುವಾಗ ಒತ್ತು ಎರಡನೆಯ ಭಾಗದ ಮೇಲೆ, ಅಂದರೆ ‘ಪ್ಯಾ’ ಎಂಬಲ್ಲಿ ಬೀಳಬೇಕು. ಮೊದಲ ಅಕ್ಷರವನ್ನು ಒತ್ತಿ ಹೇಳುವುದು ನಮ್ಮಲ್ಲಿ ಸಾಮಾನ್ಯ.

ಪದದ ಒಳಗೆ ಇರುವುದು ಲ್ಯಾಟಿನ್ನಿನ ‘ಪಾರ್’. ಅದರ ಅರ್ಥ ಸಮ. ಅದಕ್ಕೆ ‘ಡಿಸ್’ ಎಂಬ ನಿಷೇಧದ ಉಪಸರ್ಗ ಸೇರಿ, ಫ್ರೆಂಚ್ ಭಾಷೆಯ ಮೂಲಕ 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಇದೇ ‘ಪಾರ್’ ಮೂಲದಿಂದ ಸಮತೆ ಎಂಬರ್ಥದ ‘ಪ್ಯಾರಿಟಿ’, ಜೋಡಿ ಎಂಬರ್ಥದ ‘ಪೇರ್’, ಸರೀಕ ಎಂಬರ್ಥದ ‘ಪಿಯರ್’, ಹೋಲಿಸು ಎಂಬರ್ಥದ ‘ಕಂಪೇರ್’ ಎಲ್ಲ ಹುಟ್ಟಿವೆ. ಕ್ರಿಕೆಟ್ಟಿನ ಅಂಪೈರ್ ಕೂಡ ಈ ಕುಟುಂಬದವನೇ: ‘ನೌಂಪೆರ್’ ಎಂಬ ಹಳೆಯ ರೂಪದ ಅರ್ಥ ಜೋಡಿಗೆ ಸೇರದವನು, ಎರಡು ಪಕ್ಷಗಳಿಗೂ ಹೊರಗಿನ ಮೂರನೆಯವನು, ಕಾಲಾಂತರದಲ್ಲಿ ಮೊದಲ ‘ನ’ಕಾರ ಹಿಂದಿನ ‘ಎ’ ಎಂಬ ಪದಕ್ಕೆ ಅಂಟಿಕೊಂಡು ‘ಆ್ಯನ್’ ಆಯಿತು, ಉಳಿದದ್ದು ಅಂಪೈರ್ ಆಯಿತು. ಹೀಯಾಳಿಸು ಎಂಬರ್ಥದ ‘ಡಿಸ್ಪ್ಯಾರೇಜ್’ ಎಂಬ ಕ್ರಿಯಾಪದಕ್ಕೆ ಮೊದಲು ಇದ್ದ ಅರ್ಥ ಅಂತಸ್ತಿಗೆ ಸಮವಲ್ಲದ ಮನೆತನದೊಡನೆ ಮದುವೆ ಮಾಡಿಸುವುದು. ನಮ್ಮ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ಈ ವಂಶಾವಳಿಯಿಂದ ಒಂದು ಪ್ರಯೋಜನವಿದೆ. ‘ಡಿಸ್ಪ್ಯಾರಿಟಿ’ ಎಂದ ತಕ್ಷಣ ಅದರ ಹಿಂದೆ ‘ಪ್ಯಾರಿಟಿ’ ನಿಂತಿರುತ್ತದೆ, ಸಮವಾಗಿರಬೇಕಿತ್ತು ಎಂಬ ನಿರೀಕ್ಷೆ ಸದ್ದಿಲ್ಲದೆ ಜೊತೆಗೆ ಬರುತ್ತದೆ. ‘ಡಿಫರೆನ್ಸ್’ ಎಂಬ ಪದಕ್ಕೆ ಈ ನಿರೀಕ್ಷೆ ಇಲ್ಲ. ‘ಡಿಸ್ಕ್ರಿಮಿನೇಶನ್’ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನದು, ಅಂದರೆ ಮಾಡಿದವನೊಬ್ಬನು ಬೇಕು. ಕೇವಲ ವ್ಯತ್ಯಾಸ ಕೆಳಗಿನ ಮೆಟ್ಟಿಲು, ಮಾಡಿದ ಭೇದ ಮೇಲಿನ ಮೆಟ್ಟಿಲು, ನಮ್ಮ ಪದ ನಡುವಿನದು. ಸಮವಿರಬೇಕಾದಲ್ಲಿ ಸಮವಿಲ್ಲ ಎಂದಷ್ಟೇ ಅದು ಹೇಳುತ್ತದೆ. ಯಾರಿಂದ ಎಂಬ ಪ್ರಶ್ನೆಯನ್ನು ಮುಂದಕ್ಕೆ ಬಿಡುತ್ತದೆ.

ಒಂದು ಎಚ್ಚರಿಕೆ: ‘ಡಿಸ್ಪರೇಟ್’ ಎಂಬ ವಿಶೇಷಣ ಇದರದೇ ರೂಪವೆಂದು ತೋರಿದರೂ ಅದು ಬೇರ್ಪಡಿಸು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ಒಂದಕ್ಕೊಂದು ಸಂಬಂಧವೇ ಇಲ್ಲದ, ಹೋಲಿಸಲು ಬಾರದ ವಸ್ತುಗಳಿಗೆ ಅದನ್ನು ಬಳಸುತ್ತಾರೆ. ಹೋಲಿಕೆಯೇ ಜೀವಾಳವಾದ ಪದಕ್ಕೆ, ಹೋಲಿಕೆಯನ್ನೇ ಅಲ್ಲಗಳೆಯುವ ಪದವನ್ನು ವಿಶೇಷಣ ಮಾಡಿಕೊಳ್ಳಬಾರದು. ವಿಶೇಷಣ ಬೇಕೇ ಆದಲ್ಲಿ ‘ಅನೀಕ್ವಲ್’ ಎಂದು ಬರೆದರೆ ಸಾಕು.

ಎರಡನೆಯ ಹೆಜ್ಜೆ: ಒಂದೇ ಪಂಕ್ತಿಯಲ್ಲಿ ಕುಳಿತವರೇ ಎಂದು ಪರೀಕ್ಷಿಸಿ

ಊಟದ ಪಂಕ್ತಿಯಲ್ಲಿ ಒಬ್ಬನ ಎಲೆಗೆ ತುಪ್ಪ ಬಿದ್ದು ಪಕ್ಕದವನಿಗೆ ಬೀಳದಿದ್ದರೆ ಮಾತು ಹುಟ್ಟುತ್ತದೆ. ಊಟಕ್ಕೇ ಬಾರದವನ ಎಲೆಯ ವಿಚಾರವನ್ನು ಯಾರೂ ಎತ್ತುವುದಿಲ್ಲ. ಡಿಸ್ಪ್ಯಾರಿಟಿ ಎಂಬ ಪದಕ್ಕೂ ಇದೇ ಪರೀಕ್ಷೆ. ಹೋಲಿಸುವ ಎರಡೂ ಒಂದೇ ಬಗೆಯವಾಗಿರಬೇಕು, ಒಂದೇ ಪಾಲಿಗೆ ಅರ್ಹವಾಗಿರಬೇಕು.

ನಮ್ಮ ಜಿಲ್ಲೆಯಿಂದಲೇ ಕೆಲವು ಉದಾಹರಣೆಗಳನ್ನು ತೆಗೆದುಕೊಳ್ಳೋಣ. ಭಟ್ಕಳ, ಹೊನ್ನಾವರಗಳಲ್ಲಿ ಬೀಳುವ ಮಳೆಗೂ ಬಯಲುಸೀಮೆಯ ಅಂಚಿನ ಮುಂಡಗೋಡ, ಹಳಿಯಾಳಗಳಲ್ಲಿ ಬೀಳುವ ಮಳೆಗೂ ಬಹಳ ಅಂತರವಿದೆ. ಆದರೆ ಮೋಡಕ್ಕೆ ಸಮವಾಗಿ ಹಂಚುವ ಹೊಣೆಯಿಲ್ಲದ ಕಾರಣ ಅದು ‘ವೇರಿಯೇಶನ್’, ಡಿಸ್ಪ್ಯಾರಿಟಿ ಅಲ್ಲ. 2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡದ ಜನಸಾಂದ್ರತೆ ಚದರ ಕಿಲೋಮೀಟರಿಗೆ 140, ಇಡೀ ರಾಜ್ಯದ್ದು 319. ಇದೂ ಕಾಡು, ಘಟ್ಟಗಳಿಂದಾದ ವ್ಯತ್ಯಾಸ. ಆದರೆ ಜನ ಚದುರಿ ಇರುವುದರಿಂದ ಶಾಲೆಗೂ ಆಸ್ಪತ್ರೆಗೂ ಹೆಚ್ಚು ದೂರ ನಡೆಯಬೇಕಾಗಿದೆ ಎಂದಾಗ ಮಾತು ಬದಲಾಗುತ್ತದೆ, ಏಕೆಂದರೆ ಶಾಲೆ ಮತ್ತು ಚಿಕಿತ್ಸೆಯ ಪಂಕ್ತಿಯಲ್ಲಿ ಎಲ್ಲ ನಾಗರಿಕರೂ ಕುಳಿತಿದ್ದಾರೆ.

ಶಿರಸಿಯ ಅಡಿಕೆ ಪೇಟೆಯಲ್ಲಿ ಅಡಿಕೆಯ ಬಗೆಗೆ ತಕ್ಕಂತೆ ರಾಶಿಗೊಂದು ದರ, ಚಾಲಿಗೊಂದು ದರ, ಬೆಟ್ಟೆಗೊಂದು ದರ. ಬೇಯಿಸಿ ಕೆಂಪು ಮಾಡಿದ ಅಡಿಕೆಗೂ ಒಣಗಿಸಿ ಸುಲಿದ ಬಿಳಿ ಅಡಿಕೆಗೂ ದರ ಬೇರೆಯಾದರೆ ಅದು ವ್ಯತ್ಯಾಸ. ಒಂದೇ ದಿನ, ಒಂದೇ ಗುಣಮಟ್ಟದ ರಾಶಿಗೆ ದೊಡ್ಡ ಬೆಳೆಗಾರನಿಗೊಂದು ದರ, ಎರಡು ಚೀಲ ತಂದವನಿಗೊಂದು ದರ ಸಿಕ್ಕರೆ ಆಗ ‘ಪ್ರೈಸ್ ಡಿಸ್ಪ್ಯಾರಿಟಿ’ ಎಂದು ಬರೆಯಬಹುದು. ತೋಟದ ಕೂಲಿಯಲ್ಲಿಯೂ ಹಾಗೆಯೇ. ಜಾರುವ ಮರ ಹತ್ತಿ, ಮರದಿಂದ ಮರಕ್ಕೆ ದಾಟುತ್ತ ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಯುವ ಕೊನೆಗೌಡನಿಗೆ ನೆಲದ ಮೇಲೆ ಕೆಲಸ ಮಾಡುವವರಿಗಿಂತ ಹೆಚ್ಚು ಕೊಡುವುದು ಕೌಶಲಕ್ಕೂ ಅಪಾಯಕ್ಕೂ ಕೊಡುವ ಬೆಲೆ. ಅದನ್ನು ಡಿಸ್ಪ್ಯಾರಿಟಿ ಎಂದು ಕರೆದರೆ ಅವನಿಗೇ ಅನ್ಯಾಯ. ಆದರೆ ಅದೇ ತೋಟದಲ್ಲಿ ಅದೇ ಹೊತ್ತಿನವರೆಗೆ ಅದೇ ಗೊಬ್ಬರದ ಬುಟ್ಟಿ ಹೊತ್ತ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂದಾದರೆ, ಅದು ಪಠ್ಯಪುಸ್ತಕಕ್ಕೆ ಸೇರಿಸಬಹುದಾದಷ್ಟು ಶುದ್ಧವಾದ ‘ವೇಜ್ ಡಿಸ್ಪ್ಯಾರಿಟಿ’. ಸಂವಿಧಾನದ 39ನೆಯ ಅನುಚ್ಛೇದ ಸಮಾನ ಕೆಲಸಕ್ಕೆ ಸಮಾನ ವೇತನದ ಮಾತನ್ನು ಹೇಳಿ, 1976ರಲ್ಲಿ ಅದಕ್ಕಾಗಿಯೇ ಕಾಯ್ದೆ ಬಂದು, 2019ರ ವೇತನ ಸಂಹಿತೆ ಅದನ್ನು ಒಳಗೊಂಡ ಮೇಲೂ, ಈ ಎರಡು ದರಗಳನ್ನು ಸಹಜವೆಂಬಂತೆ ಹೇಳುವವರನ್ನು ನಾನು ಕೇಳಿದ್ದೇನೆ.

ಮೂರನೆಯ ಹೆಜ್ಜೆ: ಎರಡು ತುದಿಗಳನ್ನೂ ಅಳತೆಯನ್ನೂ ಹೇಳಿ

ಡಿಸ್ಪ್ಯಾರಿಟಿ ಇದೆ ಎಂದು ಬರೆದು ಪೂರ್ಣವಿರಾಮ ಹಾಕುವುದು ಹಗ್ಗದ ಒಂದೇ ತುದಿ ಹಿಡಿದು ನಿಂತಂತೆ. ಯಾರ ಮತ್ತು ಯಾರ ನಡುವೆ, ಯಾವ ವಿಷಯದಲ್ಲಿ ಎಂಬ ಎರಡು ಪ್ರಶ್ನೆಗಳಿಗೆ ವಾಕ್ಯದೊಳಗೇ ಉತ್ತರವಿರಬೇಕು. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ‘ಬಿಟ್ವೀನ್’, ಎರಡನೆಯದಕ್ಕೆ ‘ಇನ್’ ಎಂಬ ವಿಭಕ್ತಿಸೂಚಕ ಬರುತ್ತದೆ: ‘ಡಿಸ್ಪ್ಯಾರಿಟಿ ಇನ್ ಲಿಟರಸಿ ಬಿಟ್ವೀನ್ ಮೆನ್ ಆ್ಯಂಡ್ ವಿಮೆನ್’. ‘ಬಿಟ್ವೀನ್’ ಆದಮೇಲೆ ‘ಟು’ ಬಳಸುವುದು ತಪ್ಪು, ‘ಆ್ಯಂಡ್’ ಬೇಕು.

ಅಳತೆಯ ವಿಷಯದಲ್ಲಿ ನಮ್ಮ ಬಹುಪಾಲು ಬರಹಗಳು ಎಡವುತ್ತವೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. 2011ರ ಜನಗಣತಿಯಲ್ಲಿ ಕರ್ನಾಟಕದ ಪುರುಷರ ಸಾಕ್ಷರತೆ ಶೇ. 82.47, ಮಹಿಳೆಯರದು ಶೇ. 68.08. ಕಳೆದರೆ ಸಿಗುವುದು 14.39. ಇದನ್ನು ‘ಮಹಿಳೆಯರ ಸಾಕ್ಷರತೆ ಶೇ. 14.39ರಷ್ಟು ಕಡಿಮೆ’ ಎಂದು ಬರೆಯುವುದು ತಪ್ಪು. ಎರಡು ಶೇಕಡಾ ಸಂಖ್ಯೆಗಳನ್ನು ಕಳೆದಾಗ ಉಳಿಯುವುದಕ್ಕೆ ‘ಪರ್ಸೆಂಟೇಜ್ ಪಾಯಿಂಟ್’ ಎಂದು ಹೆಸರು. ಕನ್ನಡದಲ್ಲಿ ‘ಶೇಕಡಾವಾರು ಅಂಶ’ ಎಂದು ಬರೆಯುತ್ತಾರೆ. ಪುರುಷರ ಪ್ರಮಾಣಕ್ಕೆ ಹೋಲಿಸಿ ಎಷ್ಟು ಶೇಕಡಾ ಕಡಿಮೆ ಎಂದು ಹೇಳಬೇಕಾದರೆ 14.39ನ್ನು 82.47ರಿಂದ ಭಾಗಿಸಬೇಕು, ಉತ್ತರ ಸುಮಾರು ಶೇ. 17.4. ಎರಡೂ ನಿಜ, ಆದರೆ ಎರಡೂ ಒಂದೇ ಅಲ್ಲ. ಯಾವುದನ್ನು ಬಳಸಿದ್ದೀರಿ ಎಂದು ತಿಳಿಸದಿದ್ದರೆ ಓದುವ ಅಧಿಕಾರಿ ಮೊದಲು ನಿಮ್ಮ ಲೆಕ್ಕವನ್ನು ಅನುಮಾನಿಸುತ್ತಾನೆ, ಅನಂತರ ನಿಮ್ಮ ಬೇಡಿಕೆಯನ್ನು.

ಅಂತರ ಬೆಳೆಯುತ್ತಿದೆಯೋ ತಗ್ಗುತ್ತಿದೆಯೋ ಎಂಬುದು ಇನ್ನೊಂದು ಪ್ರಶ್ನೆ. 2001ರಲ್ಲಿ ಇದೇ ರಾಜ್ಯದಲ್ಲಿ ಪುರುಷರ ಸಾಕ್ಷರತೆ ಶೇ. 76.10, ಮಹಿಳೆಯರದು ಶೇ. 56.87, ಅಂತರ 19.23 ಅಂಶ. ಹತ್ತು ವರ್ಷಗಳಲ್ಲಿ ಅದು 4.84 ಅಂಶಗಳಷ್ಟು ತಗ್ಗಿದೆ. ಇಂಥಲ್ಲಿ ಇಂಗ್ಲಿಷಿನಲ್ಲಿ ‘ನ್ಯಾರೋ’ ಎಂಬ ಕ್ರಿಯಾಪದ, ಹೆಚ್ಚಿದಾಗ ‘ವೈಡನ್’ ಎಂಬುದು ಬರುತ್ತದೆ. 2011ರಲ್ಲಿ ನಮ್ಮ ಜಿಲ್ಲೆಯ ಒಟ್ಟು ಸಾಕ್ಷರತೆ ಶೇ. 84.06, ರಾಜ್ಯದ ಶೇ. 75.36ಕ್ಕಿಂತ ಮೇಲೆ. ಹಾಗೆಂದು ಜಿಲ್ಲೆಯ ಒಳಗೆ ಡಿಸ್ಪ್ಯಾರಿಟಿ ಇಲ್ಲವೆಂದು ಬರೆಯುವಂತಿಲ್ಲ. ಸರಾಸರಿ ಎಂಬುದು ಒಳಗಿನ ಅಂತರವನ್ನು ಮುಚ್ಚುವ ಚಾದರ. ಕುಮಟೆಯ ಪೇಟೆಯನ್ನೂ ಜೋಯಿಡಾದ ಕಾಡೊಳಗಿನ ಮಜಿರೆಯನ್ನೂ ಒಂದೇ ಸಂಖ್ಯೆಯೊಳಗೆ ಕೂರಿಸಿದಾಗ ಇಬ್ಬರ ಸ್ಥಿತಿಯೂ ಕಾಣುವುದಿಲ್ಲ.

ನಾಲ್ಕನೆಯ ಹೆಜ್ಜೆ: ನೆರೆಯ ಪದಗಳಿಂದ ಬೇರ್ಪಡಿಸಿ

‘ಇನೀಕ್ವಾಲಿಟಿ’ ಇವುಗಳಲ್ಲಿ ಹಿರಿಯಣ್ಣ. ಇಡೀ ಸಮಾಜದಲ್ಲಿ ಹರಡಿಕೊಂಡ ಅಸಮಾನತೆಗೆ ಅದು ಹೆಸರು. ಎರಡು ತುದಿಗಳನ್ನು ಹೆಸರಿಸಲೇಬೇಕೆಂದಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು, ಗಣರಾಜ್ಯವಾದ ದಿನದಿಂದ ನಾವು ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯದ ಜೀವನಕ್ಕೆ ಕಾಲಿಡಲಿದ್ದೇವೆ ಎಂದಾಗ ಬಳಸಿದ್ದು ಈ ಪದವನ್ನೇ; ಅಲ್ಲಿ ‘ಡಿಸ್ಪ್ಯಾರಿಟಿ’ ಚಿಕ್ಕದಾಗುತ್ತಿತ್ತು. 1978ರ 44ನೆಯ ತಿದ್ದುಪಡಿಯಿಂದ ಸೇರಿದ 38(2)ನೆಯ ವಿಧಿಯಲ್ಲಿಯೂ ಇದೇ ಪದವಿದೆ, ಮತ್ತು ಅಲ್ಲಿ ಒಂದು ಸೂಕ್ಷ್ಮವಿದೆ: ಆದಾಯದ ಅಸಮಾನತೆಯನ್ನು ಕಡಿಮೆ ಮಾಡಲು ರಾಜ್ಯ ಶ್ರಮಿಸಬೇಕು, ಸ್ಥಾನಮಾನ, ಸೌಕರ್ಯ, ಅವಕಾಶಗಳ ಅಸಮಾನತೆಯನ್ನು ನಿರ್ಮೂಲ ಮಾಡಲು ಪ್ರಯತ್ನಿಸಬೇಕು. ಬೇರೆ ಬೇರೆ ಪ್ರದೇಶಗಳಲ್ಲಿ ವಾಸಿಸುವ ಜನಸಮೂಹಗಳ ನಡುವಣ ಅಸಮಾನತೆಯೂ ಅದರಲ್ಲಿ ಸೇರಿದೆ. ಹಿಂದುಳಿದ ಹಳ್ಳಿಯ ಮನವಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಸಿಗುವುದು ಕಷ್ಟ. ಆದಾಯದ ಅಸಮಾನತೆಯನ್ನು ಅಳೆಯಲು ಅರ್ಥಶಾಸ್ತ್ರಜ್ಞರು ಬಳಸುವ ಗಿನಿ ಸೂಚ್ಯಂಕ, 1912ರಲ್ಲಿ ಇಟಲಿಯ ಕೊರಾಡೊ ಗಿನಿ ರೂಪಿಸಿದ್ದು. ಎಲ್ಲರಿಗೂ ಸಮವಾಗಿದ್ದರೆ ಸೊನ್ನೆ, ಎಲ್ಲವೂ ಒಬ್ಬನದೇ ಆಗಿದ್ದರೆ ಒಂದು. ಅದು ಇಡೀ ಗುಂಪಿನ ಸ್ಥಿತಿಯನ್ನು ಹೇಳುತ್ತದೆ, ಆದ್ದರಿಂದ ಅದರ ಜೊತೆಗೆ ಬರುವ ಪದ ಇನೀಕ್ವಾಲಿಟಿ.

‘ಇನೀಕ್ವಿಟಿ’ ಎಂಬುದು ಕಿವಿಗೆ ಅದರಂತೆಯೇ ಕೇಳಿದರೂ ಅದರ ಅರ್ಥ ನ್ಯಾಯವಲ್ಲದ್ದು ಎಂದು. ಕಾರವಾರದ ಬೈತಖೋಲ ಬಂದರಿನಲ್ಲಿ ಇದರ ಒಳ್ಳೆಯ ಪಾಠ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಮೀನು ಮರಿಮಾಡುವ ಕಾಲವೆಂದು, ಟ್ರಾಲ್ ಬೋಟು, ಪರ್ಸೀನ್ ಬೋಟುಗಳಂಥ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಾಂಪ್ರದಾಯಿಕ ನಾಡದೋಣಿಗಳಿಗೆ ವಿನಾಯಿತಿ ಇದೆ. ನಿಯಮ ಎಲ್ಲರಿಗೂ ಒಂದೇ ಅಲ್ಲ, ಆದ್ದರಿಂದ ಅದು ಸಮಾನವಲ್ಲ. ಆದರೆ ಪಾತಿ ದೋಣಿಯಲ್ಲಿ ದಂಡೆಯ ಸಮೀಪ ಬಲೆ ಬೀಸುವವನನ್ನೂ ದೊಡ್ಡ ಬಲೆಯಲ್ಲಿ ಹಿಂಡನ್ನೇ ಸುತ್ತುವರಿಯುವವನನ್ನೂ ಒಂದೇ ಎಂದು ಎಣಿಸದಿರುವುದು ಅನ್ಯಾಯವೂ ಅಲ್ಲ. ಅಸಮವಾದದ್ದೆಲ್ಲ ಇನೀಕ್ವಿಟಿ ಆಗುವುದಿಲ್ಲ.

‘ಡಿಸ್ಕ್ರೆಪನ್ಸಿ’ ಬೇರೆಯೇ ಜಾತಿಯದು. ಪಡಿತರ ಚೀಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಪಹಣಿಯಲ್ಲಿ ಒಂದು ವಿಸ್ತೀರ್ಣ, ಅಳತೆಯಲ್ಲಿ ಇನ್ನೊಂದು. ತಾಳೆಯಾಗಬೇಕಾದ ಎರಡು ದಾಖಲೆಗಳು ತಾಳೆಯಾಗದಿದ್ದರೆ ಅದು ಡಿಸ್ಕ್ರೆಪನ್ಸಿ. ಬ್ಯಾಂಕಿಗೆ ಬರೆಯುವ ಪತ್ರದಲ್ಲಿ ಖಾತೆಯ ಲೆಕ್ಕದಲ್ಲಿ ‘ಡಿಸ್ಪ್ಯಾರಿಟಿ’ ಇದೆ ಎಂದು ಬರೆದವರನ್ನು ನೋಡಿದ್ದೇನೆ, ಅರ್ಥವಾಗುತ್ತದೆ, ಸರಿಯಾಗುವುದಿಲ್ಲ.

‘ಇಂಬ್ಯಾಲನ್ಸ್’ ಅಂದರೆ ಅಸಮತೋಲನ, ತಕ್ಕಡಿ ಒಂದು ಕಡೆಗೆ ವಾಲಿದ್ದು. ಪ್ರೊ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ, 2002ರಲ್ಲಿ ವರದಿ ಕೊಟ್ಟ ಉನ್ನತಾಧಿಕಾರ ಸಮಿತಿಯ ಹೆಸರಿನಲ್ಲಿರುವುದು ಈ ಪದ: ಪ್ರಾದೇಶಿಕ ಅಸಮತೋಲನ ನಿವಾರಣೆ. ಆ ಸಮಿತಿ 35 ಸೂಚಕಗಳನ್ನು ಹಿಡಿದು ಆಗಿನ 175 ತಾಲೂಕುಗಳನ್ನು ಅಳೆದು, 114ನ್ನು ಹಿಂದುಳಿದವೆಂದು ಗುರುತಿಸಿ, ಅವನ್ನು 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ವಿಂಗಡಿಸಿತು. ಯಾರ ಮೇಲೂ ದೂರು ಹೊರಿಸದೆ, ಅಳೆದೇ ಮಾತನಾಡಿದ ಈ ವರದಿಯನ್ನು ಇಂದಿಗೂ ಎಲ್ಲ ಪಕ್ಷದವರೂ ಉಲ್ಲೇಖಿಸುತ್ತಾರೆ ಎಂಬುದನ್ನು ಮನವಿ ಬರೆಯುವವರು ಗಮನಿಸಬೇಕು.

ಐದನೆಯ ಹೆಜ್ಜೆ: ಕನ್ನಡಕ್ಕೆ ತರುವಾಗ ಪದ ಆರಿಸಿ

ಮತ್ತೆ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಸಂಸ್ಕೃತದ ‘ತರ’, ‘ತಮ’ ಎಂಬ ಎರಡು ಪ್ರತ್ಯಯಗಳು ಸೇರಿ ‘ತಾರತಮ್ಯ’ ಆಗಿದೆ. ಲಘುತಮ ಸಾಮಾನ್ಯ ಅಪವರ್ತ್ಯ ಎಂದು ಶಾಲೆಯ ಗಣಿತದಲ್ಲಿ ಓದಿದವರಿಗೆ ಈ ‘ತಮ’ ಗೊತ್ತು. ಮೂಲದಲ್ಲಿ ಅದು ಹೆಚ್ಚು ಕಡಿಮೆಗಳ ಶ್ರೇಣಿ ಮಾತ್ರ. ಮಾಧ್ವ ಸಿದ್ಧಾಂತದಲ್ಲಿ ಜೀವರ ತಾರತಮ್ಯ ಎಂದಾಗ ಅದು ಶ್ರೇಣಿಯೇ, ದೂರಲ್ಲ. ‘ತಾರತಮ್ಯ ಜ್ಞಾನವಿಲ್ಲದವನು’ ಎಂದು ಹಳಬರು ಬೈದರೆ, ಯಾವುದು ಮೇಲು ಯಾವುದು ಕೀಳು ಎಂಬ ವಿವೇಕವಿಲ್ಲದವನು ಎಂದರ್ಥ. ಅಲ್ಲಿ ತಾರತಮ್ಯ ಇರಬೇಕಾದ ಗುಣ. ವಿಚಿತ್ರವೆಂದರೆ ಇಂಗ್ಲಿಷಿನ ‘ಡಿಸ್ಕ್ರಿಮಿನೇಶನ್’ ಕೂಡ ಇದೇ ಹಾದಿಯಲ್ಲಿ, ವಿವೇಚನೆ ಎಂಬ ಒಳ್ಳೆಯ ಅರ್ಥದಿಂದ ಭೇದಭಾವ ಎಂಬ ಕೆಟ್ಟ ಅರ್ಥಕ್ಕೆ ಇಳಿದು ಬಂದಿದೆ. ಹೀಗಾಗಿ ಇಂದಿನ ಕನ್ನಡದಲ್ಲಿ ತಾರತಮ್ಯಕ್ಕೆ ತಕ್ಕ ಜೋಡಿ ಡಿಸ್ಕ್ರಿಮಿನೇಶನ್. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುವಾಗಲೂ, ಮಲತಾಯಿ ಧೋರಣೆ ಎನ್ನುವಾಗಲೂ ನಾವು ಹೇಳುತ್ತಿರುವುದು ಇದನ್ನೇ. ಡಿಸ್ಪ್ಯಾರಿಟಿಗೆ ತಾರತಮ್ಯ ಎಂದು ಬರೆದರೆ ವಿಚಾರಣೆಗೆ ಮುಂಚೆಯೇ ತೀರ್ಪು ಕೊಟ್ಟಂತಾಗುತ್ತದೆ. ಸರಕಾರಿ ನೌಕರರ ‘ವೇತನ ತಾರತಮ್ಯ’ ಎಂಬ ಮಾತು ಮಾತ್ರ ರೂಢಿಯಲ್ಲಿ ಬೇರೂರಿದೆ. ಅದನ್ನು ಕೀಳಲು ಹೋಗುವುದು ವ್ಯರ್ಥ.

‘ವೈಷಮ್ಯ’ ಇನ್ನೂ ದೊಡ್ಡ ಗುಂಡಿ. ವ್ಯುತ್ಪತ್ತಿ ನೋಡಿದರೆ ಸಮವಲ್ಲದಿರುವಿಕೆಯೇ, ನಿಘಂಟು ಹಿಡಿದು ಅನುವಾದಿಸುವವರಿಗೆ ಆಕರ್ಷಕವಾಗಿಯೂ ಕಾಣುತ್ತದೆ. ಆದರೆ ಕನ್ನಡದ ಓದುಗನಿಗೆ ವೈಷಮ್ಯ ಎಂದರೆ ಹಗೆ. ಹಿಂದಿಯಿಂದ ಬರುವ ‘ವಿಷಮತೆ’ಯೂ ನಮ್ಮಲ್ಲಿ ಕುದುರುವುದಿಲ್ಲ, ಏಕೆಂದರೆ ಪರಿಸ್ಥಿತಿ ವಿಷಮಿಸಿತು ಎಂದರೆ ಬಿಗಡಾಯಿಸಿತು ಎಂದೇ ನಾವು ಕೇಳಿಸಿಕೊಳ್ಳುತ್ತೇವೆ. ‘ಏರುಪೇರು’ ಕಾಲಕ್ರಮದಲ್ಲಿ ಆಗುವ ಹೊಯ್ದಾಟ. ಅಡಿಕೆ ದರಕ್ಕೂ ಆರೋಗ್ಯಕ್ಕೂ ಅದು ಸಲ್ಲುತ್ತದೆ, ಎರಡು ತಾಲೂಕುಗಳ ಹೋಲಿಕೆಗೆ ಸಲ್ಲದು. ‘ಅಜಗಜಾಂತರ’ ಸೊಗಸಾದ ಮಾತು, ಭಾಷಣಕ್ಕೆ ಹೇಳಿ ಮಾಡಿಸಿದ್ದು. ಆದರೆ ಆಡು ಮತ್ತು ಆನೆ ಎಂದೂ ಸಮವಿರಬೇಕಾದವಲ್ಲವಾದ್ದರಿಂದ, ತರ್ಕವನ್ನು ಬಿಗಿಯಾಗಿ ಹಿಡಿದರೆ ಅದು ನಮ್ಮ ಪದದ ಎದುರು ಸೋಲುತ್ತದೆ.

ನನ್ನ ಆಯ್ಕೆ ‘ಅಂತರ’. ಸಂಖ್ಯೆಯೊಡನೆ ಬಂದಾಗ ಅದೊಂದೇ ಸಾಕು: ಸಾಕ್ಷರತೆಯ ಅಂತರ, ಕೂಲಿಯ ಅಂತರ. ಸಮವಿರಬೇಕಿತ್ತು ಎಂಬ ಧ್ವನಿ ಎದ್ದು ಕಾಣಬೇಕಾದಲ್ಲಿ ‘ಅಸಮಾನ ಅಂತರ’ ಎಂದೋ, ವಿಷಯ ಹಿಂದೆ ಬಂದರೆ ‘ಅಸಮಾನತೆ’ ಎಂದೋ ಬರೆಯಬಹುದು. ಸರಕಾರದ ಯೋಜನೆ, ಅನುದಾನಗಳ ವಿಷಯವಾದರೆ ‘ಪ್ರಾದೇಶಿಕ ಅಸಮತೋಲನ’ ಎಂಬ ರೂಢಿಯ ಮಾತನ್ನು ಬಿಡಬೇಡಿ. ಓದುವವರ ಕಡತದಲ್ಲಿ ಅದೇ ಪದವಿರುತ್ತದೆ.

ಕೊನೆಯ ಹೆಜ್ಜೆ: ವಾಕ್ಯವಾಗಿ ಬರೆಯಿರಿ

ವ್ಯಾಕರಣದ ಮಾತು ಸ್ವಲ್ಪವೇ ಇದೆ. ಒಂದು ಅಂತರವನ್ನು ಹೇಳುವಾಗ ಏಕವಚನ, ಹಲವನ್ನು ಹೇಳುವಾಗ ‘ಡಿಸ್ಪ್ಯಾರಿಟೀಸ್’. ಮುಂದೆ ಬರುವ ವಿಶೇಷಣಗಳು ‘ವೈಡ್’, ‘ಗ್ರೋಯಿಂಗ್’, ‘ರೀಜನಲ್’. ‘ಗ್ಲೇರಿಂಗ್’ ಎಂಬುದನ್ನು ಸಂಖ್ಯೆ ನಿಜವಾಗಿಯೂ ಕಣ್ಣಿಗೆ ಹೊಡೆಯುವಂತಿದ್ದಾಗ ಮಾತ್ರ ಬಳಸಬೇಕು. ‘ಅನೀಕ್ವಲ್ ಡಿಸ್ಪ್ಯಾರಿಟಿ’ ಎಂದು ಬರೆಯಬಾರದು, ಹಾಲಿನ ಕ್ಷೀರ ಎಂದಂತಾಗುತ್ತದೆ.

ಆ ಹುಡುಗರಿಗೆ ನಾನು ಹೇಳಿದ್ದು, ಅದೇ ತಾಲೂಕಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಮನೆಗಳಿರುವ ಇನ್ನೊಂದು ಊರನ್ನು ಆರಿಸಿಕೊಳ್ಳಿ ಎಂದು. ಮೊದಲು ಅವರು ತಮ್ಮ ಹಳ್ಳಿಯನ್ನು ಬೆಂಗಳೂರಿಗೇ ಹೋಲಿಸಲು ಹೊರಟಿದ್ದರು. ಅದು ಒಂದೇ ಪಂಕ್ತಿಯಲ್ಲ ಎಂದು ತಳ್ಳಿಹಾಕುವುದು ಯಾರಿಗೂ ಸುಲಭ. ಹೆದ್ದಾರಿಯ ಸಮೀಪದ ಒಂದು ಊರನ್ನು ಆರಿಸಿ, ಎರಡು ವಾರ ಎರಡೂ ಕಡೆ ನಿಂತು ಬಸ್ಸುಗಳನ್ನು ಎಣಿಸಿ, ವೈದ್ಯರಿರುವ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಎಷ್ಟು ದೂರ ಎಂದು ಬೈಕಿನ ಮೀಟರಿನಲ್ಲಿ ಅಳೆದು ಬಂದರು. ಅಲ್ಲಿ ದಿನಕ್ಕೆ ಹನ್ನೊಂದು ಬಸ್ಸು, ಇವರಲ್ಲಿ ಎರಡು. ಹೊಸ ಮನವಿಯ ಮೊದಲ ವಾಕ್ಯ ಇಂಗ್ಲಿಷಿನಲ್ಲಿ ಹೀಗಿತ್ತು: ‘ದೇರ್ ಈಸ್ ಎ ವೈಡ್ ಡಿಸ್ಪ್ಯಾರಿಟಿ ಇನ್ ಬಸ್ ಸರ್ವೀಸಸ್ ಬಿಟ್ವೀನ್ ಟೂ ವಿಲೇಜಸ್ ಆಫ್ ಸಿಮಿಲರ್ ಸೈಜ್ ಇನ್ ದ ಸೇಮ್ ತಾಲೂಕ್.’ ಕನ್ನಡದ ಪ್ರತಿಯಲ್ಲಿ, ‘ಒಂದೇ ತಾಲೂಕಿನ, ಒಂದೇ ಗಾತ್ರದ ಎರಡು ಊರುಗಳ ನಡುವೆ ಬಸ್ ಸೌಕರ್ಯದಲ್ಲಿ ದೊಡ್ಡ ಅಂತರವಿದೆ’ ಎಂದು. ಕೆಳಗೆ ಎರಡು ಅಂಕಣದ ಕೋಷ್ಟಕ, ಅದರ ಕೆಳಗೆ 38(2)ನೆಯ ವಿಧಿಯ ಉಲ್ಲೇಖ. ತಾರತಮ್ಯ ಎಂಬ ಪದ ಎಲ್ಲಿಯೂ ಇರಲಿಲ್ಲ.

ತಿಂಗಳು ಕಳೆದು ಬಂದ ಉತ್ತರವೂ ಚಿಕ್ಕದೇ. ಬಸ್ಸುಗಳನ್ನು ಯಾವ ಯಾವ ದಿನಾಂಕಗಳಲ್ಲಿ ಎಣಿಸಿದಿರಿ, ವಾರದ ಸಂತೆಯ ದಿನವೂ ಅದರಲ್ಲಿ ಸೇರಿದೆಯೇ ಎಂದು ಕೇಳಿದ್ದರು.